ಸೂರಿನ ನೀರಿಗೆ ದಾರಿ ಮಾಡಿ, ಮನೆಯ ಗೋಡೆ ಉಳಿಸಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ರೈತ ಬಾಂಧವರು ಹೊಲದ ಬದುಗಳನ್ನು ಸರಿಪಡಿಸುತ್ತಾರೆ, ತೋಟದ ಬಸಿಗಾಲುವೆಗಳ ಹೂಳು ತೆಗೆಯುತ್ತಾರೆ. ಹೊಲಕ್ಕೆ ಬಿದ್ದ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಬಾರದು, ಬೆಳೆಯ ಬೇರಿನ ಬಳಿ ನಿಲ್ಲಲೂ ಬಾರದು ಎಂಬುದು ಅವರಿಗೆ ಚೆನ್ನಾಗಿ ತಿಳಿದ ವಿಷಯ. ಆದರೆ ಅದೇ ಮಳೆನೀರು ತಾವು ಮಲಗುವ ಮನೆಯ ಗೋಡೆಯ ಬುಡದಲ್ಲಿ ಏನು ಮಾಡುತ್ತದೆ ಎಂಬುದರ ಕಡೆಗೆ ಗಮನ ಕೊಡುವವರು ಕಡಿಮೆ.

ಮಳೆಗಾಲದಲ್ಲಿ ಮಣ್ಣಿನ ಗೋಡೆ ಕುಸಿದು ಮಲಗಿದ್ದವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವು ವರ್ಷ ವರ್ಷವೂ ಓದುತ್ತೇವೆ. 2019ರ ಆಗಸ್ಟ್ ತಿಂಗಳ ಮಳೆ ಮತ್ತು ಪ್ರವಾಹಗಳಲ್ಲಿ ಉತ್ತರ ಕರ್ನಾಟಕದಲ್ಲಿಯೂ ಮಲೆನಾಡಿನಲ್ಲಿಯೂ ಬಹಳಷ್ಟು ಮನೆಗಳು ನೆಲಸಮವಾದವು. ಉಕ್ಕಿ ಬಂದ ಹೊಳೆಯನ್ನು ಒಬ್ಬ ರೈತ ತಡೆಯಲಾರ. ಆದರೆ ತನ್ನದೇ ಚಾವಣಿಯಿಂದ ಇಳಿಯುವ ನೀರು ತನ್ನದೇ ಗೋಡೆಯನ್ನು ತಿನ್ನುವುದನ್ನು ಆತ ಖಂಡಿತವಾಗಿ ತಡೆಯಬಲ್ಲ. ಅದಕ್ಕೆ ಬೇಕಾದ ಸಾಮಾನು ಹೆಚ್ಚಿನದೇನೂ ಅಲ್ಲ: ಸೂರಿನ ಅಂಚಿಗೆ ಒಂದು ಹಲಗೆ, ಅದಕ್ಕೊಂದು ತಗಡಿನ ಹೊದಿಕೆ, ನೀರು ಹಿಡಿಯುವ ದೋಣಿ, ಹಿಡಿದ ನೀರನ್ನು ಗೋಡೆಯಿಂದ ದೂರ ಒಯ್ಯುವ ಕಾಲುವೆ. ಈ ನಾಲ್ಕನ್ನೂ ಮಾಡುವ ಕ್ರಮವನ್ನು, ಮುಖ್ಯವಾಗಿ ಹಂಚಿನ ಮನೆಯನ್ನು ಗಮನದಲ್ಲಿಟ್ಟುಕೊಂಡು, ಇಲ್ಲಿ ವಿವರಿಸಲಾಗಿದೆ.

ಚಾವಣಿಯಿಂದ ಇಳಿಯುವ ನೀರು ಎಷ್ಟು?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ.

ಸೂರು ಸೇರಿ 12 ಮೀಟರ್ ಉದ್ದ, 9 ಮೀಟರ್ ಅಗಲದ, ಎರಡು ಇಳಿಜಾರಿನ ಹಂಚಿನ ಮನೆಯೊಂದನ್ನು ತೆಗೆದುಕೊಳ್ಳೋಣ. ಒಂದೊಂದು ಇಳಿಜಾರಿನ ಪಾಲಿಗೆ 54 ಚದರ ಮೀಟರ್ ಬರುತ್ತದೆ. 25 ಮಿ.ಮೀ.ನ ಒಂದು ಹದ ಮಳೆಗೆ ಒಂದು ಬದಿಯ ಸೂರಿನಿಂದ 1,350 ಲೀಟರ್ ನೀರು ಕೆಳಗೆ ಬೀಳುತ್ತದೆ. ಅಂದರೆ ಸೂರಿನ ಪ್ರತಿ ಮೀಟರ್ ಉದ್ದಕ್ಕೆ 112 ಲೀಟರ್. ವರ್ಷಕ್ಕೆ 750 ಮಿ.ಮೀ. ಮಳೆಯಾಗುವ ಬಯಲುಸೀಮೆಯಲ್ಲಿ ಈ ಪ್ರಮಾಣ ಮೀಟರಿಗೆ 3,375 ಲೀಟರ್ ಆಗುತ್ತದೆ. 3,000 ಮಿ.ಮೀ. ಮಳೆಯ ಮಲೆನಾಡಿನಲ್ಲಿ 13,500 ಲೀಟರ್. ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುವ ಆಗುಂಬೆಯಂಥ ಜಾಗದ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ.

ಅಂಗಳದ ಉಳಿದ ಭಾಗಕ್ಕೆ ಬೀಳುವ ಮಳೆ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಸೂರಿನ ನೀರು ಹಾಗಲ್ಲ. ಅರ್ಧ ಚಾವಣಿಯ ನೀರೆಲ್ಲವೂ ಒಂದು ಗೇಣು ಅಗಲದ ಗೆರೆಯ ಮೇಲೆ, ಪ್ರತಿ ಮಳೆಗೂ ಅದೇ ಗೆರೆಯ ಮೇಲೆ, ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿಯೇ ಬೀಳುತ್ತದೆ. ಹನಿಗೂಡಿದರೆ ಹಳ್ಳ ಎಂಬ ಮಾತು ಒಳಿತಿಗೆ ಮಾತ್ರವಲ್ಲ, ಕೆಡುಕಿಗೂ ಅನ್ವಯಿಸುತ್ತದೆ.

ಈ ನೀರಿನಿಂದಾಗುವ ಹಾನಿ

1. ಎರಚಲು: ಸೂರಿನ ಅಂಚಿನಲ್ಲಿ ಕೂಡಿ ಬೀಳುವ ಹನಿ ಸಾಮಾನ್ಯ ಮಳೆಹನಿಗಿಂತ ದೊಡ್ಡದು. ಅದು ಬರಿ ನೆಲಕ್ಕೆ ಬಡಿದಾಗ ಹೊಲದಲ್ಲಿ ಆಗುವಂತೆಯೇ ಮಣ್ಣಿನ ಹರಳು ಒಡೆದು ಕೆಸರಾಗಿ ಸಿಡಿಯುತ್ತದೆ. ಈ ಕೆಸರುನೀರು ಗೋಡೆಯ ಬುಡದ ಒಂದು, ಒಂದೂವರೆ ಅಡಿಯವರೆಗೆ ಹಾರುತ್ತದೆ. ಮಣ್ಣಿನ ಗೋಡೆ ಒಣಗಿರುವಾಗ ಭಾರ ಹೊರುತ್ತದೆ. ನೆನೆದಾಗ ಅದರ ಬಲ ಬಹುಪಾಲು ಹೋಗುತ್ತದೆ. ಬುಡ ಸವೆದು ಒಳಕ್ಕೆ ಕೊರೆದ ಗೋಡೆ ಮೇಲಿನ ಭಾರಕ್ಕೆ ಒಂದು ದಿನ ಜಾರುತ್ತದೆ.

2. ತಳಪಾಯ: ಇದು ಎರೆಭೂಮಿಯ ಊರುಗಳಲ್ಲಿ ಬಹಳ ದೊಡ್ಡ ಸಮಸ್ಯೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಮನೆಯ ಒಂದು ಮೂಲೆಗೆ ಮಾತ್ರ ಸೂರಿನ ನೀರು ಸುರಿಯುತ್ತಿದ್ದರೆ ಆ ಮೂಲೆಯ ಮಣ್ಣು ಉಬ್ಬಿ ಏಳುತ್ತದೆ, ಉಳಿದ ಕಡೆ ಏಳುವುದಿಲ್ಲ. ಗೋಡೆಯಲ್ಲಿ ಓರೆಯಾದ ಬಿರುಕು ಬೀಳುವುದು ಇದರಿಂದಲೇ. ಆ ಬಿರುಕಿಗೆ ಎಷ್ಟು ಸಲ ಸಿಮೆಂಟ್ ತುಂಬಿದರೂ, ನೀರಿನ ದಾರಿ ಬದಲಾಗದ ಹೊರತು ಅದು ಮತ್ತೆ ಬಾಯಿ ಬಿಡುತ್ತದೆ. ಕೆಂಪು ಮಣ್ಣಿನಲ್ಲಿ ಉಬ್ಬುವಿಕೆ ಕಡಿಮೆ. ಅಲ್ಲಿ ಕೊರೆತ ಹೆಚ್ಚು. ತಳಪಾಯದ ಕಲ್ಲಿನ ಪಕ್ಕದ ಮಣ್ಣು ಕೊಚ್ಚಿಹೋಗಿ ಕಲ್ಲು ಹೊರಗೆ ಕಾಣತೊಡಗುತ್ತದೆ.

3. ಪಕಾಸಿ ಮತ್ತು ರೀಪು: ಮರವು ಬದಿಯಿಂದ ಕುಡಿಯುವುದಕ್ಕಿಂತ ಕೊಯ್ದ ತುದಿಯಿಂದ ಕುಡಿಯುವ ನೀರು ಹೆಚ್ಚು. ಪಕಾಸಿಗಳ ತುದಿ ಇರುವುದು ಸೂರಿನ ಅಂಚಿನಲ್ಲಿಯೇ. ಅಲ್ಲಿ ಮರೆ ಇಲ್ಲದಿದ್ದರೆ ತುದಿ ಮೆತ್ತಗಾಗಿ ಶಿಲೀಂಧ್ರ ಹಿಡಿಯುತ್ತದೆ. ಒದ್ದೆ ಗೋಡೆ, ಒದ್ದೆ ಮರ ಎರಡೂ ಗೆದ್ದಲಿಗೆ ಪ್ರಿಯ. ಮೊದಲ ಸಾಲಿನ ರೀಪು ಕುಸಿದರೆ ಹಂಚಿನ ಸಾಲೇ ಜಾರುತ್ತದೆ.

4. ದವಸ ಧಾನ್ಯ: ನೆನೆದ ಗೋಡೆಗೆ ಒರಗಿಸಿಟ್ಟ ಚೀಲಗಳು ತೇವವನ್ನು ಎಳೆದುಕೊಳ್ಳುತ್ತವೆ. ಒಣಗಿಸಿ ತಂದ ಭತ್ತ, ರಾಗಿ ಮುಗ್ಗಲು ಹಿಡಿಯುತ್ತವೆ. ಕಡಲೆಕಾಯಿಗೆ ತೇವ ತಗುಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಅದು ಮನುಷ್ಯರಿಗೂ ದನಕರುಗಳಿಗೂ ಅಪಾಯಕರ. ಬೀಜಕ್ಕೆಂದು ಇಟ್ಟ ಕಾಳಿನ ಮೊಳಕೆಯ ಶಕ್ತಿ ಕುಗ್ಗುತ್ತದೆ. ವರ್ಷದ ದುಡಿಮೆ ಮನೆಯೊಳಗೆ ಬಂದ ಮೇಲೆ ಹಾಳಾಗುವುದೆಂದರೆ ಇದೇ.

ಹಿರಿಯರು ಅನುಸರಿಸುತ್ತಿದ್ದ ಕ್ರಮ

ಹಳೆಯ ಮನೆಗಳನ್ನು ಕಟ್ಟಿದವರು ಇದನ್ನು ಅರಿಯದವರಲ್ಲ. ಮಲೆನಾಡಿನ ಮನೆಗಳಿಗೆ ಸೂರನ್ನು ಉದ್ದವಾಗಿ ಇಳಿಸಿ ಜಗಲಿಯನ್ನು ಮುಚ್ಚುತ್ತಿದ್ದರು. ಗಾಳಿಮಳೆ ಬಡಿಯುವ ಬದಿಗೆ ಅಡಿಕೆ ಸೋಗೆಯ ಜಡಿತಟ್ಟಿ ಕಟ್ಟುತ್ತಿದ್ದರು. ಅಡಿಕೆ ಮರವನ್ನು ಸೀಳಿ ಒಳಗಿನ ತಿರುಳು ತೆಗೆದ ದಬ್ಬೆಯೇ ಅವರ ದೋಣಿ. ಸೂರಿನ ನೀರು ಬೀಳುವ ಗೆರೆಗೆ ಕಲ್ಲು ಹಾಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಯಂತ್ರದಲ್ಲಿ ಒತ್ತಿದ ಹಂಚು ಹಳ್ಳಿ ಹಳ್ಳಿಗೂ ಹರಡಿ ಹುಲ್ಲು, ಸೋಗೆಗಳ ಜಾಗಕ್ಕೆ ಬಂದಿತು. ಹುಲ್ಲಿನ ಚಾವಣಿ ಸ್ವಲ್ಪ ನೀರನ್ನು ಹೀರಿ ನಿಧಾನವಾಗಿ ಬಿಡುತ್ತಿತ್ತು. ಹಂಚು, ತಗಡುಗಳು ಬಿದ್ದ ನೀರನ್ನು ಆ ಕ್ಷಣವೇ ಕೆಳಕ್ಕೆ ಕಳುಹಿಸುತ್ತವೆ. ಚಾವಣಿ ಬದಲಾಯಿತು, ಸೂರಿನ ಕೆಳಗಿನ ವ್ಯವಸ್ಥೆ ಅನೇಕ ಮನೆಗಳಲ್ಲಿ ಬದಲಾಗಲಿಲ್ಲ. ಜಾಗ ಉಳಿಸಲು ಸೂರನ್ನು ಮೊಟಕುಗೊಳಿಸಿದ ಮನೆಗಳಲ್ಲಂತೂ ತೊಂದರೆ ಇಮ್ಮಡಿಯಾಗಿದೆ.

ಗೋಡೆ ನೋಡಿ ಕಾರಣ ತಿಳಿಯುವುದು

ಬೆಳೆಯ ಎಲೆ ನೋಡಿ ರೋಗ ಗುರುತಿಸುವಂತೆ, ಗೋಡೆಯ ಕಲೆ ನೋಡಿ ನೀರಿನ ದಾರಿ ಗುರುತಿಸಬಹುದು. ಜೋರು ಮಳೆ ಬರುವಾಗ ಛತ್ರಿ ಹಿಡಿದು ಮನೆಯ ಸುತ್ತ ಒಮ್ಮೆ ನಡೆದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

(ಅ) ಹೊರಗೋಡೆಯ ಬುಡದಲ್ಲಿ ಮಾತ್ರ ಕೆಸರು ಕಲೆ, ಸವೆತ ಇದ್ದರೆ ಕಾರಣ ಎರಚಲು. 
(ಆ) ಗೋಡೆಯ ಒಳಬದಿಯಲ್ಲಿ ನೆಲದಿಂದ ಮೇಲಕ್ಕೆ ತೇವ ಏರಿ, ಒಣಗಿದಾಗ ಬಿಳಿ ಉಪ್ಪು ಕಾಣಿಸಿಕೊಂಡರೆ ತಳಪಾಯದ ಬಳಿ ನೀರು ನಿಲ್ಲುತ್ತಿದೆ ಎಂದು ತಿಳಿಯಬೇಕು. 
(ಇ) ಗೋಡೆಯ ಮೇಲ್ಭಾಗದಲ್ಲಿ, ಚಾವಣಿ ಕೂಡುವಲ್ಲಿ ಕಲೆ ಇದ್ದರೆ ಹಂಚು ಒಡೆದಿದೆ, ಇಲ್ಲವೇ ದೋಣಿ ತುಂಬಿ ಒಳಕ್ಕೆ ಚೆಲ್ಲುತ್ತಿದೆ. 
(ಈ) ಮೂಲೆಯಿಂದ ಓರೆಯಾಗಿ ಬಿರುಕು ಬಂದಿದ್ದರೆ ಆ ಮೂಲೆಯ ನೆಲ ಏಳುತ್ತಿದೆ ಅಥವಾ ಇಳಿಯುತ್ತಿದೆ. 
(ಉ) ಪಕಾಸಿಯ ತುದಿಗೆ ಚೂಪಾದ ಮೊಳೆ ಒತ್ತಿ ನೋಡಿ. ಸುಲಭವಾಗಿ ಒಳಗಿಳಿದರೆ ಮರ ಕೊಳೆತಿದೆ.

ಕಾರಣ ತಿಳಿಯದೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವುದು ಸರಿಯಲ್ಲ. ಮಣ್ಣಿನ ಗೋಡೆಯ ತೇವ ಆರಲು ಗಾಳಿ ಆಡಬೇಕು. ಸಿಮೆಂಟ್ ಪದರ ಆ ತೇವವನ್ನು ಒಳಗೇ ಹಿಡಿದಿಡುತ್ತದೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಗೋಡೆ ಬಿಟ್ಟು ಕಳಚಿಕೊಳ್ಳುತ್ತದೆ. ಮಣ್ಣಿನ ಗೋಡೆಗೆ ಮಣ್ಣು ಸಾರಣೆ ಮತ್ತು ಸುಣ್ಣವೇ ತಕ್ಕದ್ದು.

ಸೂರಿನ ಹಲಗೆ ಮತ್ತು ತಗಡಿನ ಹೊದಿಕೆ

ಪಕಾಸಿಗಳ ತುದಿಗೆ ಅಡ್ಡಲಾಗಿ ಹೊಡೆಯುವ ಹಲಗೆಯನ್ನು ಇಲ್ಲಿ ಸೂರಿನ ಹಲಗೆ ಎಂದು ಕರೆದಿದ್ದೇವೆ. ಅದು ಪಕಾಸಿಯ ತುದಿಯನ್ನು ಮರೆಮಾಡುತ್ತದೆ, ಪಕಾಸಿಗಳನ್ನು ಒಂದು ಸಾಲಿನಲ್ಲಿ ಹಿಡಿಯುತ್ತದೆ, ದೋಣಿಗೆ ಆಧಾರವಾಗುತ್ತದೆ.

ಮೊದಲು ಕೊಳೆತ ತುದಿಗಳನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ಯಬೇಕು. ಹೆಚ್ಚು ಕೊಯ್ಯಬೇಕಾಗಿ ಬಂದರೆ ಪಕ್ಕಕ್ಕೆ ಹೊಸ ಪಕಾಸಿಯ ತುಂಡನ್ನು ಜೋಡಿಸಿ ಬೋಲ್ಟು ಹಾಕಬೇಕು. ಸೂರನ್ನು ಮಾತ್ರ ಮೊಟಕು ಮಾಡಬಾರದು. ಕೊಯ್ದ ತುದಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಅಥವಾ ಪೇಟೆಯಲ್ಲಿ ಸಿಗುವ ಮರ ಸಂರಕ್ಷಕವನ್ನು ಎರಡು ಸಲ ಬಳಿಯಬೇಕು. ಗೇರು ಎಣ್ಣೆ ಚರ್ಮವನ್ನು ಸುಡುವುದರಿಂದ ಕೈಗವಸು ಅಗತ್ಯ.

ಹಲಗೆ 2ರಿಂದ 2.5 ಸೆಂ.ಮೀ. ದಪ್ಪ, 15ರಿಂದ 20 ಸೆಂ.ಮೀ. ಅಗಲ ಇದ್ದರೆ ಸಾಕು. ತೇಗ, ಹೊನ್ನೆ, ಮತ್ತಿ, ಹಲಸು ಬಾಳಿಕೆ ಬರುತ್ತವೆ. ಮಾವು, ಸಿಲ್ವರ್ ಓಕ್‌ಗಳನ್ನು ಸಂರಕ್ಷಕ ಬಳಿಯದೆ ಉಪಯೋಗಿಸಬಾರದು. ಹೊಡೆಯುವ ಮುನ್ನ ಹಲಗೆಯ ಹಿಂಬದಿಗೂ ಬಣ್ಣ ಬಳಿಯಬೇಕು. ಹೊಡೆದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಹಲಗೆ ಎಷ್ಟೇ ಒಳ್ಳೆಯದಾದರೂ ಅದೂ ಮರವೇ. ಆದ್ದರಿಂದ ಅದರ ಮೇಲೆ ಸತು ಲೇಪಿಸಿದ ತಗಡಿನ ಹೊದಿಕೆ ಬೇಕು. ಇದರಲ್ಲಿ ಎರಡು ಭಾಗಗಳಿವೆ.

ಮುಂಭಾಗದ ಹೊದಿಕೆ: ಹಲಗೆಯ ಮುಖವನ್ನು ಪೂರ್ತಿ ಮುಚ್ಚುವಷ್ಟು ಅಗಲದ ತಗಡು. ಇದರ ಕೆಳ ಅಂಚನ್ನು ಒಂದೂವರೆ ಸೆಂ.ಮೀ.ನಷ್ಟು ಹೊರಕ್ಕೆ ಮೂಗಿನಂತೆ ಬಾಗಿಸಬೇಕು. ಮೂಗು ಇಲ್ಲದಿದ್ದರೆ ಹನಿ ಕೆಳಗೆ ಬೀಳದೆ ಹಲಗೆಯ ಅಡಿಯಿಂದ ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. 

ಮೇಲಿನ ಪಟ್ಟಿ: ಮೊದಲ ಸಾಲಿನ ಹಂಚಿನ ಅಡಿಗೆ 10ರಿಂದ 15 ಸೆಂ.ಮೀ. ಒಳಸೇರಿ, ಅಂಚಿನಲ್ಲಿ ಕೆಳಕ್ಕೆ ಬಾಗಿ ದೋಣಿಯೊಳಗೆ ಇಳಿಯುವ ಪಟ್ಟಿ. ಗಾಳಿಗೆ ಹಂಚಿನ ಅಡಿ ನುಗ್ಗಿದ ನೀರನ್ನು ಇದು ರೀಪಿಗೆ ತಾಗಲು ಬಿಡದೆ ದೋಣಿಗೆ ತಲುಪಿಸುತ್ತದೆ.

ಎರಡು ತಗಡು ಸೇರುವಲ್ಲಿ 10 ಸೆಂ.ಮೀ. ಒಂದರ ಮೇಲೊಂದು ಬರಬೇಕು. ನಮ್ಮಲ್ಲಿ ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. ಕೂಡಿಕೆಯ ಬಾಯಿ ಆ ದಿಕ್ಕಿಗೆ ತೆರೆದಿರಬಾರದು. ತಗಡನ್ನು ಹಸಿ ಸುಣ್ಣದ ಗಾರೆಗಾಗಲಿ ಸಿಮೆಂಟಿಗಾಗಲಿ ನೇರವಾಗಿ ತಾಗಿಸಬಾರದು. ಅವುಗಳ ಕ್ಷಾರ ಸತುವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಹೊದಿಕೆ ಹಾಕುವಾಗ ಸೂರಿನ ಅಡಿಭಾಗವನ್ನು ಗಾಳಿ ಆಡದಂತೆ ಪೂರ್ತಿ ಮುಚ್ಚುವುದೂ ತಪ್ಪು. ಒಳಗಿನ ಮರ ಆರಲು ಸಂದು ಬೇಕು. ಇಲಿ, ಹಕ್ಕಿ ನುಗ್ಗದಂತೆ ಸಂದಿಗೆ ಜಾಲರಿ ಹೊಡೆದರೆ ಸಾಕು. ಮನೆಯ ಅಗಲದ ಬದಿಯಲ್ಲಿ, ಹಂಚಿನ ಸಾಲು ಮುಗಿಯುವ ಓರೆ ಅಂಚಿಗೂ ಇಂಥದೇ ಹಲಗೆ ಮತ್ತು ಹೊದಿಕೆ ಬೇಕು. ಗಾಳಿ ಮೊದಲು ಹಂಚು ಎತ್ತುವುದು ಅಲ್ಲಿಯೇ.

ದೋಣಿಯ ಆಯ್ಕೆ

ಗಂಟೆಗೆ 100 ಮಿ.ಮೀ. ವೇಗದ ಮಳೆ ಕೆಲವು ನಿಮಿಷಗಳ ಕಾಲ ಸುರಿಯುವುದು ನಮ್ಮ ರಾಜ್ಯದಲ್ಲಿ ಅಪರೂಪವಲ್ಲ. ಆಗ ಮೇಲೆ ಹೇಳಿದ ಮನೆಯ ಒಂದು ಬದಿಯಿಂದ ನಿಮಿಷಕ್ಕೆ 90 ಲೀಟರ್ ನೀರು ಬರುತ್ತದೆ. ಇದನ್ನು ಸಾಗಿಸಲು 15 ಸೆಂ.ಮೀ. (6 ಅಂಗುಲ) ಬಾಯಿಯ ಅರೆಗೋಲದ ದೋಣಿಯೂ 4 ಅಂಗುಲದ ಇಳಿಪೈಪೂ ಬೇಕು. ಪೇಟೆಯಲ್ಲಿ ಅಗ್ಗವಾಗಿ ಸಿಗುವ 3, 4 ಅಂಗುಲದ ದೋಣಿಗಳು ದನದ ಕೊಟ್ಟಿಗೆಯ ಒಂದು ಮಾಡಿಗೆ ಸಾಕಾಗಬಹುದು, ಮನೆಗೆ ಸಾಲವು.

ತಗಡಿನ ದೋಣಿ: 24 ಗೇಜಿನ ಸತು ಲೇಪಿತ ತಗಡನ್ನು 30 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ ಅಂಚು ಮಡಿಸಿ 6 ಅಂಗುಲದ ದೋಣಿ ಮಾಡಬಹುದು. ಹತ್ತಿರದ ಪೇಟೆಯ ತಗಡಿನ ಕೆಲಸದವರು ಇದನ್ನು ಮಾಡಿಕೊಡುತ್ತಾರೆ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಪಿ.ವಿ.ಸಿ. ದೋಣಿ: 6 ಅಂಗುಲದ ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿಗಳಾಗುತ್ತವೆ. ತುಕ್ಕಿನ ಭಯವಿಲ್ಲ. ಆದರೆ ಬಿಸಿಲಿಗೆ ಪಿ.ವಿ.ಸಿ. ಪೆಡಸಾಗುತ್ತದೆ, ಹೊರಭಾಗಕ್ಕೆ ಬಿಳಿ ಬಣ್ಣ ಬಳಿದರೆ ಬಾಳಿಕೆ ಹೆಚ್ಚು. ಬಿಸಿಲಿನ ಬಿಸಿಗೆ 6 ಮೀಟರ್ ಉದ್ದದ ತುಂಡು ಸುಮಾರು 1 ಸೆಂ.ಮೀ. ಹಿಗ್ಗುತ್ತದೆ. ಆದ್ದರಿಂದ ತುಂಡುಗಳನ್ನು ಬಿಗಿಯಾಗಿ ಅಂಟಿಸದೆ, ಮೇಲಿನ ತುಂಡು ಕೆಳಗಿನ ತುಂಡಿನೊಳಗೆ 10 ಸೆಂ.ಮೀ. ಕೂರುವಂತೆ, ಹಂಚಿನ ಸಾಲಿನ ಹಾಗೆ ಜೋಡಿಸಬೇಕು.

ಅಡಿಕೆ ದಬ್ಬೆ, ಬಿದಿರಿನ ದೋಣಿ: ತೋಟವಿದ್ದವರಿಗೆ ಖರ್ಚಿಲ್ಲದ್ದು. ಬಲಿತ ಮರವನ್ನೇ ಆರಿಸಬೇಕು. ಆಯಸ್ಸು ಕೆಲವು ವರ್ಷ ಮಾತ್ರ. ಪ್ರತಿ ಬೇಸಿಗೆಯಲ್ಲಿ ಪರೀಕ್ಷಿಸಿ ಬದಲಾಯಿಸಬೇಕು.

ದೋಣಿ ಜೋಡಿಸುವ ಕ್ರಮ

1. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬಿನಿಂದ ಎರಡು ತುದಿಗಳ ಮಟ್ಟ ಗುರುತು ಮಾಡಿ, ಪ್ರತಿ 3 ಮೀಟರಿಗೆ 1ರಿಂದ 1.5 ಸೆಂ.ಮೀ. ಇಳಿಜಾರು ಬರುವಂತೆ ದಾರ ಕಟ್ಟಬೇಕು. 12 ಮೀಟರ್ ಉದ್ದದ ಸೂರಿಗೆ ನಡುವಿನಿಂದ ಎರಡೂ ಕಡೆಗೆ ಇಳಿಜಾರು ಕೊಟ್ಟು ಎರಡು ಇಳಿಪೈಪು ಹಾಕುವುದು ಉತ್ತಮ. ಒಂದು ಕಟ್ಟಿಕೊಂಡರೂ ಇನ್ನೊಂದು ನೀರು ಒಯ್ಯುತ್ತದೆ.

2. ತುಂಬಿದ 6 ಅಂಗುಲದ ದೋಣಿಯಲ್ಲಿ ಮೀಟರಿಗೆ ಸುಮಾರು 9 ಕಿಲೋ ನೀರು ಇರುತ್ತದೆ. 12 ಮೀಟರಿಗೆ ಒಂದು ಕ್ವಿಂಟಲಿಗೂ ಮೀರಿದ ಭಾರ. ಆದ್ದರಿಂದ ಕಬ್ಬಿಣದ ಪಟ್ಟಿಯ ಕೊಕ್ಕೆಗಳನ್ನು 60 ಸೆಂ.ಮೀ.ಗೆ ಒಂದರಂತೆ ಹಾಕಬೇಕು. ಸಾಧ್ಯವಾದಲ್ಲೆಲ್ಲ ಕೊಕ್ಕೆಯ ಮೊಳೆ ಹಲಗೆಯನ್ನು ದಾಟಿ ಪಕಾಸಿಯವರೆಗೆ ಹೋಗಬೇಕು. ಕೊಕ್ಕೆಗಳಿಗೆ ಮೊದಲೇ ಕೆಂಪು ಆಕ್ಸೈಡ್ ಬಳಿದಿರಬೇಕು.

3. ಹಂಚಿನ ಅಂಚು ದೋಣಿಯ ಬಾಯಿಯ ಮೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 5 ಸೆಂ.ಮೀ., ಒಳಗೆ ಚಾಚಿರಬೇಕು. ಹೆಚ್ಚು ಚಾಚಿದರೆ ಜೋರು ಮಳೆಯ ನೀರು ದೋಣಿಯನ್ನು ಹಾರಿ ಹೋಗುತ್ತದೆ. ಕಡಿಮೆಯಾದರೆ ಹಿಂದಕ್ಕೆ ಸೋರುತ್ತದೆ.

4. ದೋಣಿಯ ಹೊರ ಅಂಚು ಒಳ ಅಂಚಿಗಿಂತ ಬೆರಳಗಲ ತಗ್ಗಿರಬೇಕು. ಇದು ಸಣ್ಣ ವಿಷಯವೆಂದು ಬಿಡಬಾರದು. ಕೆರೆಗೆ ಕೋಡಿ ಇರುವಂತೆ ದೋಣಿಗೂ ಒಂದು ಕೋಡಿ ಬೇಕು. ತುಂಬಿ ಚೆಲ್ಲುವ ದಿನ ನೀರು ಅಂಗಳಕ್ಕೆ ಚೆಲ್ಲಬೇಕು, ಗೋಡೆಯ ಕಡೆಗಲ್ಲ.

5. ಇಳಿಪೈಪಿನ ಬಾಯಿಗೆ ತಂತಿಯ ಜಾಲರಿಯನ್ನು ಉಂಡೆಯಂತೆ ಮಾಡಿ ಕೂರಿಸಬೇಕು. ಚಪ್ಪಟೆ ಜಾಲರಿ ಒಂದೇ ಎಲೆಗೆ ಮುಚ್ಚಿಹೋಗುತ್ತದೆ. ಪೈಪನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಎರಡು ಬೆರಳು ಸಂದು ಬಿಟ್ಟು ಬಿಗಿಯಬೇಕು. ಪೈಪು ಸೋರಿದರೂ ಗೋಡೆ ನೆನೆಯುವುದಿಲ್ಲ.

6. ಕೆಲಸ ಮುಗಿದ ಮೇಲೆ ನಾಲ್ಕು ಕೊಡ ನೀರು ಸುರಿದು ನೋಡಬೇಕು. ಎಲ್ಲಿಯೂ ನೀರು ನಿಲ್ಲಬಾರದು.

ಮಲೆನಾಡು, ಕರಾವಳಿಗಳ ಭಾರಿ ಮಳೆಗೆ, ಅದರಲ್ಲಿಯೂ ಮರಗಳ ನಡುವೆ ಇರುವ ಮನೆಗಳಿಗೆ, ಸುತ್ತಲೂ ದೋಣಿ ಹಾಕಿ ನಿಭಾಯಿಸುವುದು ಕಷ್ಟವೆನಿಸಬಹುದು. ಅಂಥವರು ಸೂರನ್ನು 75ರಿಂದ 90 ಸೆಂ.ಮೀ. ಹೊರಕ್ಕೆ ಚಾಚಿ, ನೀರು ಬೀಳುವ ಗೆರೆಯ ಕೆಳಗೆ ಕಲ್ಲು ಕಟ್ಟಿದ ಕಾಲುವೆ ಮಾಡಬಹುದು. ಬಾಗಿಲ ಮುಂದೆ, ಒಳಮೂಲೆಗಳಲ್ಲಿ, ಗಾಳಿಮಳೆ ಬಡಿಯುವ ಬದಿಯಲ್ಲಿ ಮಾತ್ರ ದೋಣಿ ಹಾಕಿದರೂ ಬಹಳ ಅನುಕೂಲವಾಗುತ್ತದೆ.

ಕೆಳಗಿಳಿದ ನೀರು ಎಲ್ಲಿಗೆ?

ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕು: ಅರ್ಧ ದಾರಿಗೆ ಬಿಟ್ಟ ದೋಣಿ, ದೋಣಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದೋಣಿ ಇಲ್ಲದಾಗ 1,350 ಲೀಟರ್ ನೀರು 12 ಮೀಟರಿಗೆ ಹಂಚಿ ಬೀಳುತ್ತಿತ್ತು. ದೋಣಿ ಹಾಕಿ ಇಳಿಪೈಪನ್ನು ಮೂಲೆಯ ಬುಡದಲ್ಲಿಯೇ ನಿಲ್ಲಿಸಿದರೆ ಅಷ್ಟೂ ನೀರು ಮನೆಯ ಭಾರ ಹೊತ್ತ ಮೂಲೆಯ ಅಡಿಗೆ ಇಳಿಯುತ್ತದೆ.

ಮನೆಯ ಸುತ್ತ ಕನಿಷ್ಠ 1 ಮೀಟರ್ ಅಗಲಕ್ಕೆ ಕಲ್ಲು ಚಪ್ಪಡಿ ಅಥವಾ ಇಟ್ಟಿಗೆ ಹಾಸಿ, ಹೊರಕ್ಕೆ 5 ಸೆಂ.ಮೀ. ಇಳಿಜಾರು ಕೊಡಬೇಕು. ಹಾಸು ಸೂರಿನ ಹನಿ ಬೀಳುವ ಗೆರೆಯನ್ನು ಒಂದಡಿಯಾದರೂ ದಾಟಿರಬೇಕು. ಎರೆಮಣ್ಣಿನಲ್ಲಿ ಅಗಲ ಒಂದೂವರೆ ಮೀಟರ್ ಇರಲಿ. ಹಾಸಲು ಹಣ ಸಾಲದವರು ಮೊರಂ ಮಣ್ಣನ್ನು ಏರಿಸಿ ದಿಮ್ಮಿಸಿ, ಹನಿ ಬೀಳುವ ಗೆರೆಗೆ ಮಾತ್ರ ಜಲ್ಲಿ ಹರಡಿದರೂ ಎರಚಲು ತಗ್ಗುತ್ತದೆ. ಗೋಡೆಗೆ ತಾಗಿ ಹೂವಿನ ಮಡಿ ಮಾಡಿ ನೀರು ಹಾಕುವುದು, ಬಚ್ಚಲ ನೀರು ಬಿಡುವುದು, ಸೌದೆ ಒಟ್ಟುವುದು ಸಲ್ಲದು.

ಹಾಸಿನ ಅಂಚಿನ ಕಾಲುವೆಯಿಂದ ನೀರನ್ನು ಮುಂದೆ ಸಾಗಿಸಬೇಕು. ಕೆಂಪು ಮಣ್ಣಿನಲ್ಲಿ ಮನೆಯಿಂದ 5 ಮೀಟರ್ ಆಚೆಗೆ ಜಲ್ಲಿ ತುಂಬಿದ ಇಂಗುಗುಂಡಿ ಮಾಡಬಹುದು. ಎರೆಮಣ್ಣಿನಲ್ಲಿ ಮನೆಯ ಹತ್ತಿರ ಇಂಗುಗುಂಡಿ ಬೇಡವೇ ಬೇಡ. ಗಾರೆ ಮಾಡಿದ ಕಾಲುವೆಯಲ್ಲಿ ಹೊಲಕ್ಕೆ ಅಥವಾ ಕೃಷಿ ಹೊಂಡಕ್ಕೆ ಒಯ್ಯಬೇಕು. ನೀರನ್ನು ತೆಂಗಿನ ಪಾತಿಗೆ ಬಿಡಬಹುದು. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದಾದ್ದರಿಂದ ಅಲ್ಲಿಗೆ ಬಿಡುವುದಾದರೆ ಬಸಿಗಾಲುವೆ ಸರಿಯಾಗಿರಬೇಕು. ನಿಮ್ಮ ಸೂರಿನ ನೀರು ನೆರೆಯವರ ಗೋಡೆಗೆ ಹೋಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ನೀರಿನ ಅಭಾವವಿರುವ ಕಡೆ ಇದೇ ನೀರು ಸಂಪತ್ತು. 25 ಮಿ.ಮೀ. ಮಳೆಗೆ ಒಂದು ಬದಿಯ ದೋಣಿಯಿಂದಲೇ 1,000 ಲೀಟರಿನ ತೊಟ್ಟಿ ತುಂಬುತ್ತದೆ. ದನಕರುಗಳಿಗೆ, ಬಟ್ಟೆ ಒಗೆಯಲು, ಸಿಂಪರಣೆಯ ಔಷಧಿ ಬೆರೆಸಲು ಗಡಸುತನವಿಲ್ಲದ ಈ ನೀರು ಒಳ್ಳೆಯದು. ಮೊದಲ ಒಂದೆರಡು ಮಳೆಯ ನೀರಿನಲ್ಲಿ ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ಇರುವುದರಿಂದ ಅದನ್ನು ಹೊರಗೆ ಬಿಡಬೇಕು. ಕುಡಿಯುವುದಾದರೆ ಸೋಸಿ ಕುದಿಸಬೇಕು. ತೊಟ್ಟಿಯನ್ನು ಗೋಡೆಗೆ ತಾಗಿಸಿ ಕಟ್ಟದೆ, ಅದರ ಕೋಡಿಯ ನೀರಿಗೂ ಕಾಲುವೆ ಮಾಡಬೇಕು.

ಮಾಳಿಗೆ ಮತ್ತು ತಾರಸಿ ಮನೆಗಳು

ಬಯಲುಸೀಮೆಯ ಮಣ್ಣಿನ ಮಾಳಿಗೆಗಳಿಗೆ ಕರಲು ಮಣ್ಣು ಹರಡುವ ರೂಢಿ ಇದೆ. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚುತ್ತದೆ. ಬೆಳೆಗೆ ಶತ್ರುವಾದ ಗುಣವೇ ಇಲ್ಲಿ ನೀರು ಇಂಗದಂತೆ ಕಾಯುತ್ತದೆ. ಆದರೆ ಹರಿವ ನೀರಿಗೆ ಇದೇ ಮಣ್ಣು ಬೇಗ ಕೊಚ್ಚಿಹೋಗುತ್ತದೆ. ಆದ್ದರಿಂದ ಮಾಳಿಗೆಯ ದೋಣಿಯ ಬಾಯಿಗೆ ಕಲ್ಲು ಕೂರಿಸಿ, ದೋಣಿ ಗೋಡೆಯಿಂದ ಎರಡು ಅಡಿಯಾದರೂ ಹೊರಕ್ಕೆ ಚಾಚಿರುವಂತೆ ನೋಡಿಕೊಳ್ಳಬೇಕು. ವರ್ಷ ವರ್ಷವೂ ಹಳೆಯದರ ಮೇಲೆ ಹೊಸ ಮಣ್ಣು ಏರಿಸುತ್ತ ಹೋದರೆ ತೊಲೆಗಳ ಮೇಲೆ ಭಾರ ಹೆಚ್ಚುತ್ತದೆ. ಹಳೆಯದನ್ನು ಕೆರೆದು ತೆಗೆದು ಹೊಸದನ್ನು ಹರಡಬೇಕು. 

ತಾರಸಿ ಮನೆಗಳಲ್ಲಿ ಸಜ್ಜಾದ ಅಡಿ ಅಂಚಿನಲ್ಲಿ ಒಂದು ಬೆರಳಗಲದ ಗೆರೆ ಕೊರೆದರೆ ಹನಿ ಅಲ್ಲಿಯೇ ತುಂಡಾಗಿ ಬೀಳುತ್ತದೆ, ಗೋಡೆಯವರೆಗೆ ಹರಿಯುವುದಿಲ್ಲ.

ಪಾಲನೆ: ಮಳೆ ನಕ್ಷತ್ರಗಳ ಲೆಕ್ಕದಲ್ಲಿ

ರೋಹಿಣಿಗೆ ಮೊದಲು (ಮೇ ಮೂರನೆಯ ವಾರ): ದೋಣಿ, ಪೈಪು, ಕಾಲುವೆಗಳ ಕಸ ತೆಗೆಯುವುದು, ಒಡೆದ ಹಂಚು ಬದಲಾಯಿಸುವುದು, ಸಡಿಲವಾದ ಕೊಕ್ಕೆ ಬಿಗಿಯುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು. 
ಆರಿದ್ರ ಮತ್ತು ಪುಷ್ಯದ ಮಳೆಗಳ ನಡುವೆ (ಜೂನ್ ಕೊನೆಯಿಂದ ಜುಲೈ): ಹೊಳವಾದ ದಿನ ನೋಡಿ ಎಲೆ, ಕಡ್ಡಿ ತೆಗೆಯುವುದು. ಮರಗಳ ನಡುವಿನ ಮನೆಗೆ ಹದಿನೈದು ದಿನಕ್ಕೊಮ್ಮೆ. 
ಮಘ ಕಳೆದ ಮೇಲೆ (ಸೆಪ್ಟೆಂಬರ್ ಆರಂಭ): ಹಿಂಗಾರಿಗೆ ಮೊದಲು ಇನ್ನೊಮ್ಮೆ ಶುಚಿ ಮಾಡುವುದು, ಗೋಡೆಯ ಬುಡದ ಸವೆತ ತುಂಬುವುದು. 
ಸ್ವಾತಿ ಕಳೆದ ಮೇಲೆ (ನವೆಂಬರ್): ಗೋಡೆ ಆರಿದ ಮೇಲೆ ಸಾರಣೆ, ಸುಣ್ಣ, ಮರದ ಕೆಲಸ.

ದೋಣಿಯಲ್ಲಿ ನೀರು ವಾರಗಟ್ಟಲೆ ನಿಂತರೆ ಡೆಂಗ್ಯೂ ಹರಡುವ ಸೊಳ್ಳೆ ಅಲ್ಲಿಯೇ ಮರಿ ಮಾಡುತ್ತದೆ ಎಂಬುದನ್ನೂ ಮರೆಯಬಾರದು.

ಎಚ್ಚರಿಕೆಗಳು

* ಮನೆಗೆ ಬರುವ ವಿದ್ಯುತ್ ತಂತಿ ಸೂರಿನ ಬಳಿಯೇ ಹಾದುಹೋಗುತ್ತದೆ. ತಗಡಿನ ದೋಣಿ, ಹೊದಿಕೆ ಅದಕ್ಕೆ ತಾಗುವಂತಿರಬಾರದು. ತಂತಿಯ ಹೊದಿಕೆ ಹರಿದಿದ್ದರೆ ವಿದ್ಯುತ್ ಇಲಾಖೆಯವರಿಂದ ಸರಿಪಡಿಸಿಕೊಂಡ ನಂತರವೇ ಏಣಿ ಇಡಬೇಕು. 
* ಒದ್ದೆ ಹಂಚಿನ ಮೇಲೆ ಹತ್ತಬಾರದು. ಏಣಿಯ ಬುಡ ಹಿಡಿಯಲು ಇನ್ನೊಬ್ಬರು ಇರಲೇಬೇಕು. 
* ಆಸ್ಬೆಸ್ಟಾಸ್ ಸಿಮೆಂಟ್ ಹಾಳೆಯನ್ನು ಕೊಯ್ಯುವ, ತೂತು ಮಾಡುವ ಧೂಳು ಶ್ವಾಸಕೋಶಕ್ಕೆ ಬಹಳ ಅಪಾಯ. ಅಂಥ ಹಾಳೆಗೆ ಕೈ ಹಚ್ಚದೆ ದೋಣಿಯ ಕೊಕ್ಕೆಯನ್ನು ಮರಕ್ಕೇ ಹೊಡೆಯಬೇಕು. ಆ ಚಾವಣಿಯ ನೀರನ್ನು ಕುಡಿಯಲು ಬಳಸಬಾರದು. 
* ಮಣ್ಣಿನ ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಅಗಲವಾಗುತ್ತಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಆ ಗೋಡೆಯ ಎರಡೂ ಬದಿಗೆ ಯಾರೂ ಮಲಗಬಾರದು, ದನ ಕಟ್ಟಬಾರದು. ಮಳೆ ನಿಂತಿತೆಂದು ಧೈರ್ಯ ತಾಳುವುದೂ ಸರಿಯಲ್ಲ. ಗೋಡೆಯ ಒಳಗಿನ ತೇವ ಆರಲು ಅನೇಕ ದಿನ ಬೇಕು. ಅಷ್ಟು ದಿನವೂ ಅಪಾಯ ಇದ್ದೇ ಇರುತ್ತದೆ.

ಯಾವುದು ಮೊದಲು?

ಎಲ್ಲವನ್ನೂ ಒಂದೇ ವರ್ಷ ಮಾಡಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಹಾಗಿದ್ದಲ್ಲಿ ಕೆಲಸವನ್ನು ಕೆಳಗಿನಿಂದ ಮೇಲಕ್ಕೆ ಮಾಡುತ್ತ ಹೋಗಬೇಕು. ಮೊದಲ ವರ್ಷ ಗುದ್ದಲಿ ಹಿಡಿದು ಮನೆಯ ಸುತ್ತಲ ನೆಲಕ್ಕೆ ಹೊರ ಇಳಿಜಾರು ಕೊಟ್ಟು ಕಾಲುವೆ ತೆಗೆಯಿರಿ. ಇದಕ್ಕೆ ಮೈಮುರಿದು ದುಡಿಯುವುದರ ಹೊರತು ಬೇರೆ ಖರ್ಚಿಲ್ಲ. ಎರಡನೆಯ ವರ್ಷ ಹನಿ ಬೀಳುವ ಗೆರೆಗೆ ಕಲ್ಲು ಹಾಸಿ, ಪಕಾಸಿಯ ತುದಿಗಳನ್ನು ಸರಿಪಡಿಸಿ. ಮೂರನೆಯ ವರ್ಷ ಸೂರಿನ ಹಲಗೆ, ಹೊದಿಕೆ, ದೋಣಿಗಳನ್ನು ಹಾಕಿ. ಆ ಹೊತ್ತಿಗೆ ದೋಣಿಯಿಂದ ಇಳಿದ ನೀರಿಗೆ ಹೋಗುವ ದಾರಿ ಸಿದ್ಧವಾಗಿರುತ್ತದೆ. ಮೇಲಿನಿಂದ ಆರಂಭಿಸಿದವರಿಗೆ ದೋಣಿ ಇರುತ್ತದೆ, ದಾರಿ ಇರುವುದಿಲ್ಲ.

ಹೊಲದ ಬದು ಒಡೆದರೆ ಒಂದು ಬೆಳೆ ಹೋಗಬಹುದು. ಮುಂದಿನ ವರ್ಷ ಮತ್ತೆ ಬಿತ್ತಬಹುದು. ಗೋಡೆ ಬಿದ್ದರೆ ಹೋಗುವುದು ಅಷ್ಟೇ ಅಲ್ಲ. ಆದ್ದರಿಂದ ರೈತ ಬಾಂಧವರು ಈ ಸಲ ಹೊಲದ ಕಡೆಗೆ ಹೊರಡುವ ಮುನ್ನ ಗುದ್ದಲಿಯೊಂದಿಗೆ ಮನೆಯ ಸುತ್ತ ಒಂದು ಸುತ್ತು ಬರಲಿ.